ಮೈರಾನ್ ಹೆಸರಿನಲ್ಲಿ ಒಂದು ದನಿ

ಬೆಳಗಿನ ಓಟ್ಸ್ ಗಂಜಿಗೆ ಕಂದು ಸಕ್ಕರೆ ಉದುರಿಸುತ್ತಿದ್ದಾಗ ಫೋನ್ ಬಂತು. ವೆರ್ನಾ ಅದನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಬಟ್ಟಲನ್ನು ಗಂಡನ ಮುಂದಿಟ್ಟಳು. ಆ ಕಡೆ ಇದ್ದವನು ಮೈರಾನನ ತಮ್ಮ, ಸಸ್ಕಟೂನ್ ನಗರದಿಂದ. ಅಣ್ಣ ಹೇಗಿದ್ದಾನೆ ಎಂದು ಕೇಳಿದ. ಅಣ್ಣ ಎದುರಿಗೇ ಕುಳಿತಿದ್ದ. ಚಮಚ ಹಿಡಿದ ಕೈ ನಡುಗುತ್ತಿತ್ತು, ಕಣ್ಣು ಫೋನಿನ ಮೇಲಿತ್ತು. ವೆರ್ನಾ ಹೇಳುತ್ತಾ ಹೋದಳು: ಚೆನ್ನಾಗಿದ್ದಾನೆ, ಹೊಟ್ಟೆ ತುಂಬ ತಿನ್ನುತ್ತಾನೆ, ಈ ಚಳಿಗೆ ಹೊರಗೆ ಕಾಲಿಡಲು ಬೇಸರ ಅಷ್ಟೇ, ನಿನ್ನೆ ಸಂಜೆ ಟಿವಿಯಲ್ಲಿ ಹಾಕಿ ಪಂದ್ಯ ನೋಡಿದ, ನಮ್ಮವರು ಸೋತದ್ದಕ್ಕೆ ಚೆನ್ನಾಗಿ ಬೈದ.

ಮೈರಾನ್ ಬೈದಿರಲಿಲ್ಲ. ಬೈಯಬೇಕೆಂದು ಅವನು ಉಸಿರು ತುಂಬಿಕೊಳ್ಳುವಷ್ಟರಲ್ಲಿ ವೆರ್ನಾ ಬೈದು ಮುಗಿಸಿದ್ದಳು.

ನಾನು ಕೇಳಿದೆ ಅಂತ ಅವನಿಗೆ ಹೇಳು ಎಂದು ತಮ್ಮ ಫೋನ್ ಇಟ್ಟ. ನಿನ್ನ ತಮ್ಮ ಕೇಳಿದ ಎಂದು ವೆರ್ನಾ ಹೇಳಿದಳು. ಮೈರಾನ್ ತಲೆಯಾಡಿಸಿ ಗಂಜಿಯ ಕಡೆಗೆ ಬಾಗಿದ.

ಪಾರ್ಕಿನ್ಸನ್ ಕಾಯಿಲೆ ಮೊದಲು ಅವನ ಕೈಗೆ ಬಂದಿತ್ತು, ಆಮೇಲೆ ಕಾಲಿಗೆ, ಕಡೆಗೆ ದನಿಗೆ. ಊರಿನ ಗೋಧಿ ಉಗ್ರಾಣಕ್ಕೆ ಮ್ಯಾನೇಜರನಾಗಿದ್ದವನು ಅವನು. ಸುತ್ತಲಿನ ರೈತರೆಲ್ಲ ಲಾರಿ ತಂದು ನಿಲ್ಲಿಸಿ, ಕಾಳು ತೋರಿಸಿ, ಅವನ ಜೊತೆ ಜಗಳವಾಡಿ, ನಕ್ಕು ಹೋಗುತ್ತಿದ್ದರು. ಚಳಿಗಾಲದಲ್ಲಿ ಕರ್ಲಿಂಗ್ ತಂಡಕ್ಕೆ ಅವನೇ ನಾಯಕ. ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಬರುವಾಗ ಆ ತುದಿಯಲ್ಲಿ ನಿಂತು, ಕಲ್ಲಿನ ಮುಂದೆ ಬ್ರಷ್ ಹಿಡಿದು ಓಡುವವರಿಗೆ ‘ಗುಡಿಸ್ರೋ, ಜೋರಾಗಿ ಗುಡಿಸ್ರೋ’ ಎಂದು ಅವನು ಕೂಗಿದರೆ ಹೊರಗೆ ಕಾರು ನಿಲ್ಲಿಸುತ್ತಿದ್ದವರಿಗೂ ಕೇಳಿಸುತ್ತಿತ್ತು. ಈಗ ಆ ದನಿ ಗೋಡೆಯಾಚೆಯ ರೇಡಿಯೋದಂತೆ ಆಗಿತ್ತು. ಅದೂ ಕೂಡಲೇ ಬರುತ್ತಿರಲಿಲ್ಲ. ಏನಾದರೂ ಕೇಳಿದರೆ ಅವನ ಮುಖ ಮರದಂತೆ ಇದ್ದುಬಿಡುತ್ತಿತ್ತು. ಒಳಗೆಲ್ಲೋ ಮಾತು ಬಟ್ಟೆ ತೊಟ್ಟು, ಬೂಟು ಹಾಕಿಕೊಂಡು ಹೊರಡುವಷ್ಟು ಹೊತ್ತು ಕಾಯಬೇಕಿತ್ತು.

ಕಾಯುವುದು ಯಾರಿಗೂ ಬರುತ್ತಿರಲಿಲ್ಲ. ಅಂಗಡಿಯ ಹುಡುಗಿ ಚೀಲ ಬೇಕೇ ಎಂದು ಕೇಳಿ, ಉತ್ತರ ಬಾರದಾಗ ನಾಚಿ ಕೆಂಪಾಗುತ್ತಿದ್ದಳು. ಅಂಚೆ ಕಚೇರಿಯಲ್ಲಿ ಹಿಂದೆ ನಿಂತವರು ಕೆಮ್ಮುತ್ತಿದ್ದರು. ಆ ಮೌನದಲ್ಲಿ ಜನ ಗಂಡನನ್ನು ನೋಡುವ ನೋಟ ವೆರ್ನಾಗೆ ತಡೆಯಲಾಗುತ್ತಿರಲಿಲ್ಲ. ಬೇಡಮ್ಮ, ಚೀಲ ನಮ್ಮಲ್ಲೇ ಇದೆ ಎಂದು ಅವಳು ಮುಂದೆ ಬಂದು ಹೇಳಿಬಿಡುತ್ತಿದ್ದಳು. ಎಲ್ಲರಿಗೂ ಉಸಿರು ಬಂದಂತಾಗುತ್ತಿತ್ತು. ಹೀಗೆ ಜನ ಮೈರಾನನನ್ನು ನೋಡಿ ವೆರ್ನಾಳನ್ನು ಕೇಳುವುದನ್ನು ಕಲಿತರು. ಮುಂದೆ ಅವನನ್ನು ನೋಡುವುದನ್ನೂ ಬಿಟ್ಟರು.

ಮನೆಯಲ್ಲೂ ಅದೇ ರೂಢಿಯಾಯಿತು. ಕಾಫಿ ಬೇಕಾ ಎಂದು ಕೇಳಿ, ಈಗ ಕುಡಿದರೆ ಹೊಟ್ಟೆ ಉರಿ ಅಲ್ಲವಾ, ಹಾಗಾದರೆ ಬೇಡ ಎಂದು ತಾನೇ ಮುಗಿಸುತ್ತಿದ್ದಳು. ಮಕ್ಕಳಿಲ್ಲದ ಮನೆ. ಚಳಿಗಾಲದ ಸಂಜೆ ಬೇಗ ಕತ್ತಲಾದ ಮೇಲೆ ಇಬ್ಬರ ಪಾಲಿನ ಮಾತನ್ನೂ ಒಬ್ಬಳೇ ಆಡಿ ಆಡಿ ಅವಳಿಗೆ ಗಂಟಲು ಒಣಗುತ್ತಿತ್ತು. ನಡುವೆ ಎಂದಾದರೂ ಮಾತು ನಿಂತರೆ ಫ್ರಿಜ್ಜಿನ ಗುಂಯ್‌ಗುಡುವಿಕೆ ಮಾತ್ರ ಕೇಳುತ್ತಿತ್ತು. ಅದು ಕೇಳಬಾರದೆಂದು ಅವಳು ಮತ್ತೆ ಮಾತಿಗೆ ತೊಡಗುತ್ತಿದ್ದಳು.

ಮಾತಾಡುವ ಆ ಡಬ್ಬಿ ಅವರ ಮನೆಗೆ ಬಂದದ್ದು ಕರ್ಲಿಂಗ್ ಕ್ಲಬ್ಬಿನ ಚೀಟಿ ಎತ್ತಾಟದಲ್ಲಿ. ಬಹುಮಾನವೆಂದರೆ ಅಲ್ಲಿ ಯಾವಾಗಲೂ ಹಂದಿಮಾಂಸದ ತುಂಡು, ಇಲ್ಲವೇ ಬೇಕನ್ ಪಟ್ಟಿಗಳ ಕಟ್ಟು. ಈ ಸಲ ಟ್ರ್ಯಾಕ್ಟರ್ ಮಾರುವವನು ಔದಾರ್ಯ ತೋರಿ, ದನಿ ಕೇಳಿ ಕೆಲಸ ಮಾಡುವ ಸ್ಪೀಕರೊಂದನ್ನು ಕೊಟ್ಟಿದ್ದ. ವೆರ್ನಾಳ ಸಂಖ್ಯೆ ಬಂತು. ಅವಳ ಗೆಳತಿ ಜೆನಿ ಪೆಟ್ಟಿಗೆಯನ್ನು ತಿರುಗಿಸಿ ನೋಡಿ, “ಏನೇ, ಇದನ್ನ ಬೇಯಿಸ್ತೀಯೋ, ಹುರೀತೀಯೋ?” ಎಂದಳು. ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು.

ವೆರ್ನಾಗೆ ಮಾತ್ರ ಅದನ್ನು ಕಂಡು ಆಸೆ ಮೂಡಿತು. ಪ್ರತಿ ಮಂಗಳವಾರ ಮಧ್ಯಾಹ್ನ ಉಕ್ರೇನಿಯನ್ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಪಿರೋಗಿ ಮಾಡುತ್ತಾರೆ. ಆಲೂಗಡ್ಡೆ, ಚೀಸು ತುಂಬಿ ಅಂಚು ಒತ್ತಿದ ಕಡುಬುಗಳು; ಮಾರಿ ಬಂದದ್ದು ಚರ್ಚಿನ ಖರ್ಚಿಗೆ. ಮದುವೆಯಾಗಿ ಬಂದಾಗಿನಿಂದ ಅವಳು ಹೋಗುತ್ತಿದ್ದ ಜಾಗ ಅದು. ಹಿಂದಿನ ಬೇಸಿಗೆಯಲ್ಲಿ ಮೈರಾನ್ ಬಚ್ಚಲಿನ ಬಾಗಿಲಲ್ಲಿ ಬಿದ್ದ ಮೇಲೆ ನಿಲ್ಲಿಸಿದ್ದಳು. ಅವನ ಕೂಗು ಹಜಾರದಾಚೆಗೂ ಹೋಗುವುದಿಲ್ಲ, ನಡುಗುವ ಬೆರಳಿಗೆ ಫೋನು ಬಗ್ಗುವುದಿಲ್ಲ. ಅವನನ್ನು ಒಬ್ಬನೇ ಬಿಟ್ಟು ಹೋಗುವುದು ಹೇಗೆ? ಈ ಡಬ್ಬಿ ಮನೆಯಲ್ಲಿದ್ದರೆ, ದೀಪ ಹಾಕು ಎಂದರೆ ಹಾಕುತ್ತದೆ, ವೆರ್ನಾಗೆ ಫೋನ್ ಮಾಡು ಎಂದರೆ ಮಾಡುತ್ತದೆ. ಅವನಿಗೆ ಒಂದಿಷ್ಟು ಸ್ವಾತಂತ್ರ್ಯ, ತನಗೊಂದು ಮಧ್ಯಾಹ್ನ. ಅಷ್ಟೇ ಅವಳು ಬಯಸಿದ್ದು.

ಮುಂದಿನ ಮಂಗಳವಾರ ಊಟವಾದ ಮೇಲೆ ಅದನ್ನು ಜೋಡಿಸಲು ಕುಳಿತಳು. ಬ್ರೆಡ್ ಡಬ್ಬಿಯನ್ನು ಸರಿಸಿ ಟೋಸ್ಟರಿನ ಪಕ್ಕ ಜಾಗ ಮಾಡಿದಳು. ಪ್ಲಗ್ ಸಿಕ್ಕಿಸಿದಾಗ ಅದರ ನೆತ್ತಿಯ ಮೇಲೆ ನೀಲಿ ಬೆಳಕಿನ ಬಳೆಯೊಂದು ಸುತ್ತಿತು, ಮೃದುವಾದ ಹೆಣ್ಣುದನಿಯೊಂದು ನಮಸ್ಕಾರ ಹೇಳಿತು. ಫೋನಿನಲ್ಲಿ ಒಂದಾದ ಮೇಲೆ ಒಂದು ಪ್ರಶ್ನೆ ಬಂತು. ಇಂಟರ್ನೆಟ್ಟಿನ ಪಾಸ್‌ವರ್ಡ್ ನೋಡಲು ಟಿವಿಯ ಹಿಂದೆ ಮಂಡಿಯೂರಿದಳು, ಎರಡು ಸಲ ತಪ್ಪು ಒತ್ತಿದಳು. ಊಟದ ಮೇಜಿನ ಮೇಲಿನ ದೀಪಕ್ಕೆ ಡಬ್ಬಿಯ ಜೊತೆ ಬಂದಿದ್ದ ಬಲ್ಬು ಹಾಕಿದಳು. ಬಳಸುವವರ ಹೆಸರೇನು ಎಂದು ಕೇಳಿದಾಗ ಮೈರಾನ್ ಎಂದು ಬರೆದಳು. ಇದು ಅವನಿಗಾಗಿ ತಾನೆ.

ಅವನ ದನಿಯನ್ನು ಅದು ಗುರುತಿಟ್ಟುಕೊಳ್ಳಬೇಕಂತೆ. ಫೋನಿನ ಮೇಲೆ ತೋರುವ ವಾಕ್ಯಗಳನ್ನು ಒಂದೊಂದಾಗಿ ಓದಬೇಕು. ವೆರ್ನಾ ಫೋನನ್ನು ಗಂಡನ ಮುಖದ ಹತ್ತಿರ ಹಿಡಿದಳು. ಮೈರಾನ್ ಮೇಜಿನ ಅಂಚು ಹಿಡಿದು ನೆಟ್ಟಗೆ ಕುಳಿತ. ಉಸಿರು ಎಳೆದುಕೊಂಡ. ತುಟಿ ಅಲುಗಿತು. ಅಷ್ಟರಲ್ಲಿ ಡಬ್ಬಿ, ಕೇಳಿಸಲಿಲ್ಲ, ಮತ್ತೊಮ್ಮೆ ಹೇಳಿ ಎಂದಿತು. ಅವನು ಮತ್ತೆ ಉಸಿರು ತುಂಬಿಕೊಂಡ. ಮೊದಲ ಪದ ಬಂತು, ಎರಡನೆಯದು ಹೊರಡುವ ಹೊತ್ತಿಗೆ ನೀಲಿ ಬಳೆ ಆರಿಹೋಯಿತು. ಕೇಳಿಸಲಿಲ್ಲ. ಗಡಿಯಾರ ಒಂದು ದಾಟಿತ್ತು. ನೆಲಮಾಳಿಗೆಯಲ್ಲಿ ಹಿಟ್ಟು ನಾದಿ ಮುಗಿಸಿರುತ್ತಾರೆ. ಅಂಗಡಿಯಲ್ಲಿ, ಅಂಚೆ ಕಚೇರಿಯಲ್ಲಿ ಹೇಗೋ ಹಾಗೆಯೇ, ಯೋಚನೆಯಿಲ್ಲದೆ, ವೆರ್ನಾ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ವಾಕ್ಯಗಳನ್ನೆಲ್ಲ ಪಟಪಟನೆ ಓದಿಬಿಟ್ಟಳು.

ಧನ್ಯವಾದ ಮೈರಾನ್, ಇನ್ನು ನಿಮ್ಮ ದನಿ ನನಗೆ ಗೊತ್ತು ಎಂದಿತು ಡಬ್ಬಿ.

ವೆರ್ನಾ ನಕ್ಕಳು. ನೋಡು, ನನಗೂ ಮೀಸೆ ಬರುತ್ತೇನೋ ಎಂದು ಗಂಡನನ್ನು ಕೆಣಕಿದಳು. ಹೆಸರಲ್ಲೇನಿದೆ, ಕೆಲಸ ಆದರೆ ಸಾಕು ಎಂದು ಸಮಾಧಾನವನ್ನೂ ಹೇಳಿದಳು. ಮೈರಾನ್ ಕಿಟಕಿಯಾಚೆ ನೋಡುತ್ತಿದ್ದ. ಹಿಂದಿನ ವಾರ ಸರಿಸಿದ ಹಿಮ ದಾರಿಯ ಪಕ್ಕ ಗುಡ್ಡೆ ಬಿದ್ದಿತ್ತು, ಅದರ ಮೇಲೆ ಗಾಳಿ ಹೊಸ ಪುಡಿ ಎರಚುತ್ತಿತ್ತು. ಅವನನ್ನು ಒರಗು ಕುರ್ಚಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಚಹಾ ಪಕ್ಕಕ್ಕಿಟ್ಟು, ಬೇಕೆಂದಾಗ ಜೋರಾಗಿ ಕರೆದರೆ ಅದಕ್ಕೆ ಕೇಳಿಸೀತು ಎಂದುಕೊಂಡು ಅವಳು ಹೊರಟಳು.

ನೆಲಮಾಳಿಗೆಯಲ್ಲಿ ಬೆಚ್ಚಗಿತ್ತು. ಬೆಂದ ಆಲೂಗಡ್ಡೆಯ, ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ. ಬಾಗಿಲಲ್ಲಿ ಅವಳನ್ನು ಕಂಡು ಹಿಟ್ಟಿನ ಕೈಯಲ್ಲೇ ಎದ್ದು ಬಂದು ತಬ್ಬಿಕೊಂಡರು. ಜೆನಿ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಡಬ್ಬಿ ಏನಂತದೆ, ನಿನಗೆ ತಿರುಗಿ ಮಾತಾಡುವವರು ಕಡೆಗೂ ಸಿಕ್ಕರಲ್ಲ ಎಂದು ಒಬ್ಬಳು ಛೇಡಿಸಿದಳು. ವೆರ್ನಾ ಅಂಚು ಒತ್ತುತ್ತಾ ಒತ್ತುತ್ತಾ ಎಲ್ಲರಿಗಿಂತ ಹೆಚ್ಚು ಮಾತಾಡಿದಳು, ಎಲ್ಲರಿಗಿಂತ ಹೆಚ್ಚು ನಕ್ಕಳು. ಮೊಣಕಾಲಿನ ಹತ್ತಿರವೇ ಫೋನ್ ಇಟ್ಟುಕೊಂಡಿದ್ದಳು. ಅದು ಸುಮ್ಮನಿತ್ತು. ಸುಮ್ಮನಿದೆ ಎಂದರೆ ಎಲ್ಲ ಸರಿಯಿದೆ ಎಂದುಕೊಂಡಳು. ಕೊನೆಯ ತಟ್ಟೆ ಶೀತಪೆಟ್ಟಿಗೆಗೆ ಹೋಗುವವರೆಗೂ ಉಳಿದಳು.

ಮನೆಗೆ ಬಂದಾಗ ಕತ್ತಲಾಗಿತ್ತು. ಒಂದು ಕಿಟಕಿಯಲ್ಲೂ ಬೆಳಕಿರಲಿಲ್ಲ. ನಿದ್ದೆ ಹೋಗಿರಬೇಕು ಎಂದುಕೊಂಡು, ಬೂಟಿನ ಹಿಮ ಕೊಡವಿ, ಬಾಗಿಲು ತೆರೆದು, ಡಬ್ಬಿಯನ್ನು ಹೆಸರು ಹಿಡಿದು ಕರೆದು ದೀಪ ಹಾಕು ಎಂದಳು.

ದೀಪ ಹತ್ತಿತು. “ಶುಭ ಸಂಜೆ, ಮೈರಾನ್,” ಎಂದಿತು ಡಬ್ಬಿ.

ಮೈರಾನ್ ಕುರ್ಚಿಯಲ್ಲೇ ಇದ್ದ. ಕಂಬಳಿ ನೆಲದ ಮೇಲಿತ್ತು, ಚಹಾ ಮುಟ್ಟದೆ ಕೆನೆಗಟ್ಟಿತ್ತು. ಏಳಲು ಹೋಗಿ ಮಧ್ಯದಲ್ಲಿ ಕಾಲು ಕಟ್ಟಿಕೊಂಡು ವಾರೆಯಾಗಿ ಕುಸಿದು ಕುಳಿತಿದ್ದ. ಪ್ಯಾಂಟು ಒದ್ದೆಯಾಗಿತ್ತು. ಬೆಳಕು ಬಿದ್ದೊಡನೆ ಅದರ ಮೇಲೆ ಕೈ ಮುಚ್ಚಿಕೊಂಡ.

ವೆರ್ನಾ ಚೀಲವನ್ನು ಅಲ್ಲೇ ಬಿಟ್ಟು ಓಡಿದಳು. ಯಾಕೆ ಕರೆಯಲಿಲ್ಲ, ಕರೆದೆಯಾ, ಕೇಳಲಿಲ್ಲವಾ ಅದಕ್ಕೆ, ಹಾಳು ಡಬ್ಬಿ, ನಾಳೆಯೇ ಕಸಕ್ಕೆ ಎಸೀತೀನಿ ಎಂದು ಒಂದೇ ಉಸಿರಿಗೆ ಹೇಳುತ್ತಾ ಅವನ ಕಂಕುಳಿಗೆ ಕೈ ಕೊಟ್ಟಳು. ಮೈರಾನ್ ಅವಳ ಮಣಿಕಟ್ಟು ಹಿಡಿದು ತಡೆದ. ಏನೋ ಹೇಳಬೇಕಿತ್ತು ಅವನಿಗೆ. ಬಟ್ಟೆಯಾ, ತರ್ತೀನಿ ಎಂದಳು. ಅಲ್ಲವೆಂದು ತಲೆಯಾಡಿಸಿದ. ನೋಯ್ತಿದೆಯಾ? ಅಲ್ಲ. ಬಾಯಾರಿಕೆಯಾ? ಅಲ್ಲ. ನನ್ನ ಮೇಲೆ ಕೋಪವಾ ಎಂದು ಕೇಳಿದಳು. ಅದಕ್ಕೂ ತಲೆಯಾಡಿಸಿದ, ಹೌದೆಂದೋ ಅಲ್ಲವೆಂದೋ ತಿಳಿಯದಂತೆ.

ಅವಳಿಗೆ ತೋಚುವ ಊಹೆಗಳೆಲ್ಲ ಮುಗಿದವು. ಮಂಡಿಯೂರಿ, ಅವನ ಕೈಯಲ್ಲಿ ತನ್ನ ಕೈ ಬಿಟ್ಟು, ಬೇರೆ ದಾರಿಯಿಲ್ಲದೆ ಸುಮ್ಮನಾದಳು. ಫ್ರಿಜ್ಜು ಗುಂಯ್‌ಗುಟ್ಟಿತು, ನಿಂತಿತು. ಹೊರಗೆ ಯಾರದೋ ಗಾಡಿ ಹಿಮ ಅರೆಯುತ್ತಾ ಹೋಯಿತು. ಅವನ ಎದೆ ಏರಿತು.

“ಅದಕ್ಕೆ ಗೊತ್ತಿರೋ... ಮೈರಾನ್,” ಎಂದ. ಮತ್ತೆ ಉಸಿರು ತೆಗೆದುಕೊಂಡ. “ನೀನು.”

ವೆರ್ನಾ ಬಾಯಿ ತೆರೆದಳು. ಅವನ ಹಿಡಿತ ಬಿಗಿಯಾಯಿತು.

“ಊರಿಗೂ... ಅಷ್ಟೇ.”

ಅಷ್ಟು ಹೇಳಲು ಅವನಿಗೆ ಹಣೆಯಲ್ಲಿ ಬೆವರಿಳಿದಿತ್ತು. ವೆರ್ನಾ ಎದ್ದು ಅವನನ್ನು ನೆಟ್ಟಗೆ ಕೂರಿಸಿದಳು. ಆಮೇಲೆ ಬಿಸಿನೀರು ತಂದು ಅವನನ್ನು ಒರೆಸಿ, ಒಣ ಬಟ್ಟೆ ತೊಡಿಸಿದಳು. ಕೆಲಸ ಮಾಡುವಾಗ ಯಾವಾಗಲೂ ಮಾತಾಡುವವಳು ಆಗ ಆಡಲಿಲ್ಲ. ಎಲ್ಲ ಮುಗಿದ ಮೇಲೆ, ಒದ್ದೆ ಬಟ್ಟೆಯ ಮುದ್ದೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಹೇಳಿದಳು:

“ನೀನು ತಡಮಾಡಿದಾಗ ಅವರು ನಿನ್ನನ್ನ ನೋಡ್ತಾರಲ್ಲ, ಅದು ನನ್ನ ಕೈಲಿ ಆಗಲ್ಲ ಮೈರಾನ್. ಪಾಪ ಅನ್ನೋ ಹಾಗೆ ನೋಡ್ತಾರೆ. ಇನ್ನು ಮನೇಲಿ... ನಾನೂ ಸುಮ್ಮನಾದ್ರೆ ಇಲ್ಲಿ ಯಾರೂ ಇಲ್ಲ ಅನ್ಸತ್ತೆ.”

ಮೈರಾನ್ ಬಹಳ ಹೊತ್ತು ನೋಡಿದ. ಅವಳು ಈ ಸಲ ಏನನ್ನೂ ಊಹಿಸಲಿಲ್ಲ.

“ನಾನು... ಇದ್ದೀನಿ,” ಎಂದ. “ನಿಧಾನ. ಅಷ್ಟೇ.”

ಡಬ್ಬಿಯನ್ನು ಕಸಕ್ಕೆ ಎಸೆಯಲಿಲ್ಲ. ಅದರಲ್ಲಿದ್ದ ಮೈರಾನನ ದನಿಯನ್ನು, ಅಂದರೆ ತನ್ನದನ್ನು, ವೆರ್ನಾ ಅಳಿಸಿಹಾಕಿದಳು. ಹುಡುಕಿದಾಗ, ಮಾತು ಮುಗಿಯುವವರೆಗೆ ಇನ್ನಷ್ಟು ಹೊತ್ತು ಕಾಯುವಂತೆ ಡಬ್ಬಿಗೆ ಹೇಳುವ ಒಂದು ಆಯ್ಕೆಯೂ ಅದರೊಳಗಿತ್ತು. ಅದನ್ನು ಒತ್ತಿದಳು. ಮನುಷ್ಯರಲ್ಲಿ ಅದು ಎಲ್ಲಿರುತ್ತದೋ ಎಂದುಕೊಂಡಳು. ದಿನವೂ ಬೆಳಗಿನ ಮಾತ್ರೆಯ ಬಲ ಇರುವ ಹೊತ್ತಿನಲ್ಲಿ ಮೈರಾನ್ ಡಬ್ಬಿಯ ಮುಂದೆ ಕುಳಿತು ಒಂದೋ ಎರಡೋ ವಾಕ್ಯ ಓದುತ್ತಿದ್ದ. ಕೇಳಿಸಲಿಲ್ಲ ಎನ್ನುತ್ತಿತ್ತು ಅದು. ಅವನು ಮತ್ತೆ ಓದುತ್ತಿದ್ದ. ಪಾತ್ರೆ ತೊಳೆಯುತ್ತಿದ್ದ ವೆರ್ನಾಳ ನಾಲಿಗೆಯ ತುದಿಗೆ ಆ ವಾಕ್ಯ ಬಂದು ನಿಂತಿರುತ್ತಿತ್ತು. ತಡೆಯಲಾರದೆ ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡು ಚೀಪುತ್ತಿದ್ದಳು. ಅದೂ ಸಾಲದೇ ಹೋದಾಗ ಹೊರಗೆ ಹೋಗಿ, ಸರಿಸಿದ ಹಿಮವನ್ನೇ ಮತ್ತೆ ಸರಿಸುತ್ತಿದ್ದಳು.

ಒಂದು ಬೆಳಗ್ಗೆ ಅವಳು ಸಲಿಕೆ ಒರಗಿಸಿ ಒಳಗೆ ಬಂದಾಗ ಅಡುಗೆಮನೆಯಲ್ಲಿ ಡಬ್ಬಿಯಿಂದ ಅಕಾರ್ಡಿಯನ್ ನುಡಿಯುತ್ತಿತ್ತು, ಹಳೆಯ ಮದುವೆಮನೆಗಳ ಪೋಲ್ಕಾ ಕುಣಿತದ ಹಾಡು. ಮೈರಾನ್ ಅವಳ ಕಡೆ ನೋಡಲಿಲ್ಲ. ಬೆರಳೊಂದು ಮೇಜಿನ ಮೇಲೆ ತಾಳ ಹಾಕುತ್ತಿತ್ತೋ, ಸುಮ್ಮನೆ ನಡುಗುತ್ತಿತ್ತೋ. ಅವನಿಗೆ ಈ ಪೋಲ್ಕಾ ಎಂದರೆ ಆಗುವುದಿಲ್ಲ, ಹಾಕಿ ಪಂದ್ಯವೊಂದೇ ಸಾಕು ಎಂದು ಅವಳು ಎಷ್ಟು ಜನಕ್ಕೆ ಹೇಳಿದ್ದಳೋ. ಕೋಟು ಬಿಚ್ಚದೆ ಬಾಗಿಲಲ್ಲೇ ನಿಂತು ಕೇಳಿದಳು.

ತಿಂಗಳ ಕೊನೆಯಲ್ಲಿ ಡಾಕ್ಟರರನ್ನು ಕಾಣಬೇಕಿತ್ತು. ಚಿಕಿತ್ಸಾಲಯ ಪಕ್ಕದ ಪಟ್ಟಣದಲ್ಲಿ. ಡಾಕ್ಟರ್ ಹರೆಯದ ಹೆಂಗಸು, ಒಳ್ಳೆಯವಳು, ಆದರೆ ಹೊರಗೆ ಯಾವಾಗಲೂ ಸಾಲು. ಅವಳು ಮೈರಾನನ ಮಣಿಕಟ್ಟು ತಿರುಗಿಸಿ ನೋಡಿ, ಮುಖವನ್ನು ವೆರ್ನಾಳ ಕಡೆ ತಿರುಗಿಸಿದಳು. ಹೇಗಿದ್ದಾರೆ, ಹೊಸ ಮಾತ್ರೆ ಒಗ್ಗಿತೇ, ನಿದ್ದೆ ಹೇಗೆ ಎಂದು ಕೇಳಿದಳು. ಉತ್ತರಗಳೆಲ್ಲ ವೆರ್ನಾಳ ಬಾಯಲ್ಲಿ ಸಾಲಾಗಿ ಬಂದು ನಿಂತವು. ಮೈರಾನನ ಕಡೆ ನೋಡಿದಳು. ಅವನ ಮುಖ ಮರದಂತಿತ್ತು. ಅದರ ಹಿಂದೆ ಅವನು ಹೊರಡಲು ಸಿದ್ಧವಾಗುತ್ತಿದ್ದಾನೆಂದು ಈಗ ಅವಳಿಗೆ ಗೊತ್ತಿತ್ತು.

ವೆರ್ನಾ ಕೈಚೀಲ ತೆಗೆದುಕೊಂಡು ಎದ್ದಳು.

“ಅವನನ್ನೇ ಕೇಳಿ ಡಾಕ್ಟರ್. ಸ್ವಲ್ಪ ಹೊತ್ತು ಹಿಡಿಯತ್ತೆ.” ಒಂದು ಕ್ಷಣ ನಿಂತು, “ನಾನಿದ್ರೆ ಆಗಲ್ಲ, ನನ್ನ ಬಾಯಿ ಸುಮ್ಮನಿರಲ್ಲ,” ಎಂದು ಹೊರಗೆ ಬಂದಳು.

ಹೊರಗಿನ ಕುರ್ಚಿಗಳಲ್ಲಿ ಪರಿಚಯದವರೇ ಇದ್ದರು. ಒಬ್ಬಾಕೆ ಪತ್ರಿಕೆ ಬದಿಗಿಟ್ಟು, ಮೈರಾನ್ ಹೇಗಿದ್ದಾನೆ ಎಂದು ಕೇಳಿದಳು. ಒಳಗಿದ್ದಾನೆ, ಬಂದ ಮೇಲೆ ಅವನನ್ನೇ ಕೇಳು ಎಂದಳು ವೆರ್ನಾ. ಆ ಹೆಂಗಸಿಗೆ ಅದು ಒರಟಾಗಿ ಕೇಳಿಸಿತೋ ಏನೋ, ಪತ್ರಿಕೆ ಮತ್ತೆ ಮೇಲೇರಿತು. ಮುಚ್ಚಿದ ಬಾಗಿಲನ್ನು ನೋಡುತ್ತಾ ವೆರ್ನಾ ಕುಳಿತಳು. ಗಂಡ ಏನು ಹೇಳುತ್ತಿದ್ದಾನೆಂದು ಅವಳಿಗೆ ತಿಳಿಯದೆ ಎಷ್ಟೋ ಕಾಲವಾಗಿತ್ತು. ಕೈಗೆ ಕೆಲಸವಿಲ್ಲ, ಬಾಯಿಗೆ ಕೆಲಸವಿಲ್ಲ. ಅಷ್ಟು ಜನರ ನಡುವೆ ಅವಳು ಅಷ್ಟು ಒಂಟಿಯಾಗಿ ಎಂದೂ ಕುಳಿತಿರಲಿಲ್ಲ. ಸಾಲಿನಲ್ಲಿದ್ದವರು ಗಡಿಯಾರ ನೋಡಿದರು, ಬಾಗಿಲು ನೋಡಿದರು, ಅವಳನ್ನು ನೋಡಿದರು. ಅವಳು ಏಳಲಿಲ್ಲ.

ಬಾಗಿಲು ತೆರೆದಾಗ, ನಡೆಗೋಲು ಊರಿ ಬರುತ್ತಿದ್ದ ಅವನ ಜೊತೆ ಡಾಕ್ಟರ್ ತಾನೇ ಹೊರಗಿನವರೆಗೂ ಬಂದಳು. ಮಾತ್ರೆ ಬದಲಿಸಿದ್ದೇನೆ ಎಂದು ಅವನಿಗೇ ಹೇಳಿದಳು. ದನಿಯ ಅಭ್ಯಾಸ ಮಾಡಿಸುವವರ ಹತ್ತಿರ ಕಳಿಸುವ ಏರ್ಪಾಡು ಮಾಡುತ್ತೇನೆ ಎಂದೂ ಅವನಿಗೇ ಹೇಳಿದಳು.

ಹಿಂತಿರುಗುವ ದಾರಿ ಹೊಲಗಳ ನಡುವೆ ಗೆರೆ ಎಳೆದಂತೆ ಇತ್ತು. ಎರಡು ಕಡೆಯೂ ಬಿಳಿ, ದೂರದಲ್ಲಿ ಒಂದು ಉಗ್ರಾಣದ ಗೋಪುರ. ಏನು ಹೇಳಿದೆ ಎಂದು ಕೇಳಬೇಕೆನ್ನಿಸಿತು ವೆರ್ನಾಗೆ. ಒಂದು ಪೆಪ್ಪರ್‌ಮಿಂಟ್ ಬಾಯಿಗೆ ಹಾಕಿಕೊಂಡಳು. ಊರ ಅಂಚಿನ ಮನೆಗಳು ಕಾಣತೊಡಗಿದವು.

“ನಿದ್ದೆ,” ಎಂದ ಮೈರಾನ್.

ವೆರ್ನಾ ರಸ್ತೆಯ ಮೇಲೆ ಕಣ್ಣಿಟ್ಟಳು.

“ಚೆನ್ನಾಗಿ ಮಲಗ್ತಾನೆ ಅಂತ... ನೀನು ಹೇಳ್ತಿದ್ದೆ.”

ನಿಜ. ಪ್ರತಿ ಸಲವೂ ಹೇಳಿದ್ದಳು. ಪಕ್ಕದಲ್ಲಿ ಅವನು ಕಣ್ಣು ಮುಚ್ಚಿ ಅಲುಗಾಡದೆ ಮಲಗಿರುವುದನ್ನು ನೋಡಿಯೇ ಹೇಳಿದ್ದಳು. ಹಾಗಾದರೆ, ಮಲಗುತ್ತಿರಲಿಲ್ಲವೇ, ಯಾಕೆ ಹೇಳಲಿಲ್ಲ ಎಂದು ಪ್ರಶ್ನೆಗಳು ನುಗ್ಗಿ ಬಂದವು. ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. ಮುಂದೆ ಬಲಗಡೆಗೆ ಅವರ ಮನೆ. ಒಳಗೆ ತಿರುಗಿಸಿದರೆ ಎಂಜಿನ್ ಆರಿಸಬೇಕು, ಬಾಗಿಲು ತೆರೆಯಬೇಕು, ನಡೆಗೋಲು ಇಳಿಸಬೇಕು, ಜಾರದ ಹಾಗೆ ಅವನನ್ನು ಹಿಡಿಯಬೇಕು. ಅಷ್ಟರೊಳಗೆ ಈ ಮಾತು ಎಲ್ಲೋ ಬಿದ್ದುಹೋಗುತ್ತದೆ. ಅವಳು ತಿರುವಿನ ದೀಪ ಹಾಕಲಿಲ್ಲ. ಮನೆ ಪಕ್ಕದಲ್ಲಿ ಹಾದುಹೋಯಿತು.

ಮೈರಾನ್ ಕುತ್ತಿಗೆ ತಿರುಗಿಸಿ ಹಿಂದೆ ಸರಿಯುತ್ತಿದ್ದ ಮನೆಯನ್ನು ನೋಡಿದ. ಅವಳನ್ನು ನೋಡಿದ. ಅವನ ತುಟಿಯ ಒಂದು ಕೊನೆ ಕೊಂಚ ಮೇಲೆದ್ದಿತು.

“ಬಹಳ ದಿನದಿಂದ,” ಎಂದ, “ಕಣ್ಣು ಮುಚ್ಚಿಕೊಂಡು... ಸುಮ್ಮನೆ ಬಿದ್ದಿರ್ತೀನಿ.”

ಗಾಳಿ ರಸ್ತೆಗೆ ಅಡ್ಡಲಾಗಿ ಹಿಮದ ಪುಡಿಯನ್ನು ಹರಿಸುತ್ತಿತ್ತು. ವೆರ್ನಾ ವೇಗ ತಗ್ಗಿಸಿದಳು.

“ನೀನೂ... ಎಚ್ಚರವಾಗಿರ್ತೀಯ. ನಂಗೆ... ಗೊತ್ತು.”

ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವಳನ್ನು ಯಾರೂ ಕೇಳಿಯೂ ಇರಲಿಲ್ಲ. ಕಣ್ಣಿನ ಮುಂದೆ ರಸ್ತೆ ಮಸುಕಾಯಿತು. ಕೈಗವಸಿನ ಬೆನ್ನಿನಿಂದ ಒರೆಸಿಕೊಂಡಳು. ಪಕ್ಕದಲ್ಲಿ ಅವನ ಎದೆ ಮತ್ತೆ ಏರುವುದು ಕೇಳಿಸಿತು. ಇನ್ನೂ ಏನೋ ಇತ್ತು ಅವನಲ್ಲಿ, ಅದು ಏನೆಂದು ಅವಳಿಗೆ ಒಂದಿಷ್ಟೂ ಗೊತ್ತಿರಲಿಲ್ಲ. ಮೊದಲ ಅಡ್ಡರಸ್ತೆ ಬಂತು, ದಾಟಿದಳು. ಮುಂದಿನದನ್ನೂ ದಾಟಿದಳು. ಗಾಡಿಯಲ್ಲಿ ಪೆಟ್ರೋಲ್ ಬೇಕಾದಷ್ಟಿತ್ತು.